ಹಸಿರು ವೈರ್

ಅತ್ತಿಗೆ ತೀರಿಕೊಂಡ ಇಪ್ಪತ್ತೆರಡನೇ ದಿನ ಅಣ್ಣ ಫೋನ್ ಮಾಡಿ, "ಮೀಟರ್ ತಗೊಂಡು ಬಾ" ಎಂದ. ಕರೆಂಟು ಪರೀಕ್ಷಿಸುವ ಮೀಟರ್; ನಾವಿಬ್ಬರೂ ವೈರಿಂಗ್ ಕೆಲಸದವರು. ಯಾಕೆಂದು ಹೇಳುವ ಅಗತ್ಯ ಇರಲಿಲ್ಲ. ಅತ್ತಿಗೆ ಬಿದ್ದದ್ದು ಬಚ್ಚಲುಮನೆಯಲ್ಲಿ, ಎಲೆಕ್ಟ್ರಿಕ್ ಶವರ್ ಕೆಳಗೆ. ಡಾಕ್ಟರು ಹೃದಯಾಘಾತ ಎಂದು ಬರೆದುಕೊಟ್ಟಿದ್ದರು. ಎಲ್ಲರೂ ಅದನ್ನು ನಂಬಿ ಅತ್ತರು. ನಂಬದೆ ಅತ್ತವನು ನಾನೊಬ್ಬನೇ.

ಯಾಕೆಂದರೆ ಆ ಶವರ್‌ನ ಹಸಿರು ಅರ್ತಿಂಗ್ ವೈರ್ ಬಿಚ್ಚಿದವನು ನಾನು.

ನಾಲ್ಕು ತಿಂಗಳ ಹಿಂದಿನ ಮಾತು. ಅಣ್ಣ ಕಣ್ಣಿನ ಆಪರೇಷನ್‌ಗೆಂದು ಆಸ್ಪತ್ರೆಯಲ್ಲಿದ್ದ. ಸ್ನಾನದ ಮಧ್ಯೆ ಪದೇಪದೇ ಫ್ಯೂಸ್ ಹಾರುತ್ತದೆ ಎಂದು ಅತ್ತಿಗೆ ನನ್ನನ್ನು ಕರೆದರು. ನೀರು ಕಾಯಿಸುವ ಕಾಯಿಲ್ ಕೆಟ್ಟು ಕರೆಂಟು ಹೊರಗಿನ ಲೋಹಕ್ಕೆ ಸೋರುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸುವುದೇ ಹಸಿರು ವೈರಿನ ಕೆಲಸ. ಅದನ್ನು ಬಿಚ್ಚಿದರೆ ಫ್ಯೂಸ್ ಹಾರುವುದಿಲ್ಲ, ಬಿಸಿನೀರು ಬರುತ್ತದೆ, ಮನೆಯವರು ಖುಷಿಯಾಗುತ್ತಾರೆ. ಕರೆಂಟು ಮಾತ್ರ ಆ ಲೋಹದಲ್ಲೇ ಉಳಿಯುತ್ತದೆ. ಮಾಡಬಾರದ ಕೆಲಸ ಅದು. ಆದರೂ ನಮ್ಮ ಕಸುಬಿನಲ್ಲಿ ಹಾಳು ಅವಸರಕ್ಕೆ ಎಷ್ಟೋ ಜನ ಮಾಡುತ್ತಾರೆ. "ಎರಡು ದಿನ ಹೀಗೇ ನಡೀಲಿ ಅತ್ತಿಗೆ, ಹೊಸ ಕಾಯಿಲ್ ತರ್ತೀನಿ. ಫ್ಯೂಸಿನ ವಿಷಯ ಅಣ್ಣನಿಗೆ ಹೇಳ್ಬೇಡಿ, ಸುಮ್ನೆ ತಲೆ ಕೆಡಿಸ್ಕೋತಾನೆ" ಎಂದು ಹೇಳಿ ಹೊರಟೆ. ಆಮೇಲೆ ಮರೆತೇಬಿಟ್ಟೆ. ಮನೆಯಲ್ಲಿ ನನಗೆ ಗಡಿಬಿಡಿ ಎಂದೇ ಹೆಸರು. "ಗಡಿಬಿಡಿ ಬಂದ, ಯಾರೂ ಕುರ್ಚಿ ಹಾಕ್ಬೇಡಿ, ಅವನು ಕೂರೋನಲ್ಲ" ಎಂದು ಅತ್ತಿಗೆ ರೇಗಿಸುತ್ತಿದ್ದರು.

ನಾನು ಹೋದಾಗ ಅಣ್ಣ ಬಚ್ಚಲಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ. ನನಗೆ ಕಸುಬು ಕಲಿಸಿದವನು ಅವನೇ. ಆಪರೇಷನ್ ಆದರೂ ಕಣ್ಣು ಸರಿಹೋಗಿರಲಿಲ್ಲ. ಮೀಟರಿನ ಅಂಕಿ ಅವನಿಗೆ ಕಾಣುತ್ತಿರಲಿಲ್ಲ.

"ಇದನ್ನ ಫಿಟ್ ಮಾಡಿದ್ದು ನಾನು," ಎಂದ. "ಅವಳು ಹೋಗಿದ್ದು ಹಾರ್ಟ್ ನಿಂತೋ, ನನ್ನ ಕೆಲಸದಿಂದಾನೋ, ನನಗೆ ಗೊತ್ತಾಗ್ಬೇಕು. ನಿದ್ದೆ ಹತ್ತುತ್ತಿಲ್ಲ ಕಣೋ."

ಶವರ್‌ನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮೊದಲು ಹಜಾರದ ಪ್ಲಗ್ಗಿಗೆ ಮೀಟರಿನ ಕಡ್ಡಿಗಳನ್ನು ಹಿಡಿದೆ: ಇನ್ನೂರ ಇಪ್ಪತ್ತೆಂಟು ವೋಲ್ಟ್. ಆಮೇಲೆ ಶವರ್‌ನ ಡಬ್ಬಿ ಬಿಚ್ಚಿ ಒಳಗಿನ ವೈರುಗಳಿಗೆ: ಸೊನ್ನೆ. ಮತ್ತೆ ಹಜಾರಕ್ಕೆ ಹೋಗಿ ಅದೇ ಪ್ಲಗ್ಗು. ಕರೆಂಟಿಲ್ಲ ಎನ್ನುವ ಮೀಟರೇ ಸತ್ತಿರಬಹುದು ಎಂದು ಈ ಓಡಾಟವನ್ನು ಬೈದು ಬೈದು ಕಲಿಸಿದವನು ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದ.

ಹೆಚ್ಚು ಬಿಸಿಯಾದರೆ ತಾನೇ ಆರುವ ಸ್ವಿಚ್ಚಿಗೆ ಕಡ್ಡಿ ಇಟ್ಟೆ. ಮೀಟರು ಬೀಪ್ ಎಂದಿತು, ಸ್ವಿಚ್ಚು ಸರಿಯಾಗಿತ್ತು. ಮೀಟರಿನ ಗುಂಡಿ ತಿರುಗಿಸಿ ಕಾಯಿಲಿನ ಎರಡೂ ತುದಿಗೆ ಹಿಡಿದೆ.

"ಹದಿನಾರು ಓಮ್."

"ಸರಿ. ಕಾಯಿಲ್ ತುಂಡಾಗಿಲ್ಲ. ಈಗ ಬೀಪಿಗೆ ಹಾಕಿ ಕಾಯಿಲ್‌ಗೂ ಬಾಡಿಗೂ ಹಿಡಿ."

ಕಾಯಿಲ್ ಚೆನ್ನಾಗಿದ್ದರೆ ಇಲ್ಲಿ ಮೀಟರು ಉಸಿರೆತ್ತಬಾರದು. ಒಂದು ಕಡ್ಡಿ ಕಾಯಿಲಿನ ತುದಿಗೆ, ಇನ್ನೊಂದು ಹೊರಗಿನ ಲೋಹಕ್ಕೆ ಇಟ್ಟೆ. ಮೀಟರು ಬಚ್ಚಲು ತುಂಬ ಕೂಗಿತು. ಕಡ್ಡಿ ತೆಗೆಯುವುದು ನನಗೆ ಹೊಳೆಯಲೇ ಇಲ್ಲ.

"ಸಾಕು, ನಿಲ್ಸು," ಎಂದ ಅಣ್ಣ. ಅವನ ಕೈ ಬಾಗಿಲಿನ ಚೌಕಟ್ಟನ್ನು ಹಿಡಿದಿತ್ತು. "ಕಾಯಿಲ್ ಬಾಡಿಗೆ ತಾಗಿದೆ. ಅರ್ತಿಂಗ್ ಇದ್ದಿದ್ರೆ ಫ್ಯೂಸ್ ಹಾರ್ಬೇಕಿತ್ತು. ಹಾರಿಲ್ಲ. ಅಂದ್ರೆ ನಾನು ಅರ್ತಿಂಗೇ ಕೊಟ್ಟಿಲ್ಲ. ನಲವತ್ತು ವರ್ಷ ಊರವರ ಮನೆಗೆಲ್ಲ ಕೊಟ್ಟೆ, ನನ್ನ ಹೆಂಡತಿಗೆ ಕೊಡೋದು ಮರೆತೆ. ನಾನೇ ಕೊಂದೆ ಅವಳನ್ನ."

ಡಬ್ಬಿಯ ಮೂಲೆಯಲ್ಲಿ ಹಸಿರು ವೈರ್ ಮಡಿಸಿಕೊಂಡು ಬಿದ್ದಿತ್ತು. ತುದಿಗೆ ನಾನೇ ಸುತ್ತಿದ ಕಪ್ಪು ಟೇಪು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಪ್ಪನ್ನು ಅವನೇ ತನ್ನ ತಲೆಗೆ ಕಟ್ಟಿಕೊಂಡಿದ್ದ. ಎಪ್ಪತ್ತೊಂದು ವರ್ಷದವನು, ಇನ್ನೆಷ್ಟು ದಿನ ಹೊರುತ್ತಾನೆ ಎಂದೂ ನನ್ನ ನಾಚಿಕೆಗೆಟ್ಟ ಮನಸ್ಸು ಯೋಚಿಸಿತು. ಥೂ, ಎಂಥ ಜನ್ಮ ನನ್ನದು!

"ಅಣ್ಣ," ಎಂದೆ. "ನೀನು ಕೊಟ್ಟಿದ್ದೆ. ನೀನು ಆಸ್ಪತ್ರೇಲಿದ್ದಾಗ ಬಂದಿದ್ನಲ್ಲ, ಆವತ್ತು ಬಿಚ್ಚಿದ್ದು ನಾನು. ಫ್ಯೂಸ್ ಹಾರ್ತಿತ್ತು. ಹೊಸ ಕಾಯಿಲ್ ಹಾಕಿ ಮತ್ತೆ ಸೇರಿಸ್ತೀನಿ ಅಂತ ಹೋದವನು ಬರಲೇ ಇಲ್ಲ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈ ಚಾಚಿ, ತಡವರಿಸಿ, ಡಬ್ಬಿಯೊಳಗಿನ ವೈರ್ ಹುಡುಕಿದ. ಟೇಪಿನ ಮೇಲೆ ಬೆರಳಾಡಿಸಿದ.

"ನಲ್ಲಿ ಮುಟ್ಟಿದ್ರೆ ಬೆರಳು ಜುಮ್ ಅನ್ನುತ್ತೆ ಅಂತ ಎರಡು ಸಲ ಹೇಳಿದ್ಲು," ಎಂದ ಕೊನೆಗೆ. "ತಮ್ಮ ಬಂದು ನೋಡಿ ಹೋಗಿದ್ದಾನಲ್ಲ, ಅವನು ಕೈ ಹಾಕಿದ ಮೇಲೆ ಹಾಗೆಲ್ಲ ಆಗಲ್ಲ, ಎಲ್ಲ ನಿನ್ನ ಭ್ರಮೆ ಅಂತ ಬೈದೆ. ಮೂರನೇ ಸಲ ಅವಳು ಹೇಳಲಿಲ್ಲ."