ಹನ್ನೊಂದನೇ ಪ್ರಶ್ನೆ

ಮೊದಲ ಹತ್ತು ಪ್ರಶ್ನೆಗಳಿಗೆ ಕೈ ಸರಾಗವಾಗಿ ಓಡಿತು. ತಾಯಿಯ ವಯಸ್ಸು ಇಪ್ಪತ್ತಾರು, ಸಿಸೇರಿಯನ್, ಗಂಡುಮಗು, ತೂಕ ಎರಡು ಕಿಲೋ ಒಂಬೈನೂರು. ಹನ್ನೊಂದಕ್ಕೆ ಬಂದಾಗ ಪೆನ್ನು ನಿಂತಿತು. ಗಂಡ ಹೆಂಡತಿ ಮದುವೆಗೆ ಮೊದಲೇ ಸಂಬಂಧಿಕರೇ? ಈ ಪ್ರಶ್ನೆಯನ್ನು ಫಾರಂ ಅಕ್ಕ ದಿನಕ್ಕೆ ಹತ್ತು ಹನ್ನೆರಡು ಸಲದಂತೆ ಹದಿನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದಳು. ಇವತ್ತು ಕೇಳಬೇಕಾದವಳೂ ಅವಳೇ, ಉತ್ತರ ಹೇಳಬೇಕಾದವಳೂ ಅವಳೇ. ಮೇಲಿನ ಮಹಡಿಯಲ್ಲಿ ಹೆತ್ತು ಮಲಗಿದ್ದವಳು ಅವಳ ಒಬ್ಬಳೇ ಮಗಳು.

ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಒಂದು ಫಾರಂ ತುಂಬಿ ಮಕ್ಕಳ ಡಾಕ್ಟರಿಗೆ ಕಳಿಸುವುದು ಅವಳ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಸುಮ್ಮನೆ ಬರೆದುಕೊಂಡು ಕಳಿಸುವ ಜಾಯಮಾನ ಮಾತ್ರ ಅವಳದಲ್ಲ. ಹನ್ನೊಂದಕ್ಕೆ ಯಾರಾದರೂ 'ಹೌದು' ಅಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಯಾಕಮ್ಮ, ಲೋಕದಲ್ಲಿ ಗಂಡುಗಳಿಗೇನು ಬರಗಾಲ ಬಂದಿತ್ತಾ?" ಎಂದು ಶುರುಮಾಡಿ ಎದುರಿಗಿದ್ದವರ ಬೆವರಿಳಿಸಿಯೇ ಬಿಡುತ್ತಿದ್ದಳು. ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ತಾನು ಅರ್ಧ ಗಂಟೆ ಪಾಠ ಮಾಡಿದರೂ ಆಗದ್ದು ಅಕ್ಕನ ಒಂದು ಮಾತಿಗೆ ಆಗುತ್ತದೆ ಎಂದು ಮಕ್ಕಳ ಡಾಕ್ಟರಮ್ಮ ಎಲ್ಲರ ಮುಂದೆ ಹೊಗಳಿದ್ದೂ ಉಂಟು. ಅವತ್ತು ಅವಳು ಮನೆಗೆ ಹೋದದ್ದು ನೆಲಕ್ಕೆ ಕಾಲು ತಾಗದ ಹಾಗೆ.

ಇಂಥವಳು ತನ್ನ ಮಗಳನ್ನು ಕೊಟ್ಟದ್ದು ಒಡಹುಟ್ಟಿದ ಅಣ್ಣನ ಮಗನಿಗೆ. ಏನು ಮಾಡಿಯಾಳು ಪಾಪ! ಗಂಡ ತೀರಿಹೋದಾಗ ಮಗಳಿಗೆ ಮೂರು ವರ್ಷ. ಇಬ್ಬರನ್ನೂ ಮನೆಗೆ ಕರೆತಂದು ಸಾಕಿದವನು ಆ ಅಣ್ಣ. ಅವನು ಒಂದು ದಿನ ಊಟದ ನಡುವೆ, ನಿನ್ನ ಮಗಳು ಇದೇ ಮನೆಯಲ್ಲೇ ಇರಲಿ ಬಿಡು ಎಂದಾಗ ಬೇಡವೆನ್ನಲು ನಾಲಿಗೆ ಏಳಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಅವಳಿಗೂ ಖುಷಿಯಾಗಿತ್ತು. ಎತ್ತಿ ಆಡಿಸಿದ ಹುಡುಗ, ಕುಡಿತವಿಲ್ಲ, ಲೇತ್ ಕೆಲಸದಲ್ಲಿ ಕೈ ಪಳಗಿದೆ, ಮಗಳು ಕಣ್ಣೆದುರಿಗೇ ಇರುತ್ತಾಳೆ. ಆಸ್ಪತ್ರೆಯಲ್ಲಿ ಮಾತ್ರ ಹೊರಗಿನ ಸಂಬಂಧ ಅಂದಳು. ಅಳಿಯ ಚಿಕ್ಕಂದಿನಿಂದಲೂ ಅವಳನ್ನು ಅತ್ತೆ ಅನ್ನುತ್ತಿದ್ದ, ಈಗಲೂ ಅತ್ತೆ ಅನ್ನುತ್ತಾನೆ. ಯಾರಿಗೆ ಗೊತ್ತಾಗಬೇಕು?

ಮೊದಲ ಹೆರಿಗೆಗೆ ಮಗಳನ್ನು ಬೇಕೆಂದೇ ದೂರದ ಬೇರೊಂದು ಆಸ್ಪತ್ರೆಗೆ ಸೇರಿಸಿದ್ದಳು. ಆ ಹೆಣ್ಣುಕೂಸು ಆರೇ ದಿನ ಬದುಕಿದ್ದು. ಅಲ್ಲಿನ ಡಾಕ್ಟರು ಇವಳೊಬ್ಬಳನ್ನೇ ಪಕ್ಕಕ್ಕೆ ಕರೆದು, ಇದು ರಕ್ತಸಂಬಂಧದಲ್ಲಿ ಮದುವೆಯಾದದ್ದರಿಂದ ಬಂದದ್ದಿರಬಹುದು, ಇನ್ನೊಂದು ಮಗುವಾದರೆ ಹುಟ್ಟಿದ ಗಳಿಗೆಯಲ್ಲೇ ಹೇಳಿಬಿಡಿ ಎಂದಿದ್ದರು. ಇರಬಹುದು ಅಂದರೇ ಹೊರತು ಹೌದು ಅನ್ನಲಿಲ್ಲವಲ್ಲ! ಆ ಒಂದು ಪದಕ್ಕೆ ಜೋತುಬಿದ್ದು ಮನೆಯಲ್ಲಿ ಜ್ವರ ಬಂದಿತ್ತಂತೆ ಎಂದಳು. ಹೇಳಿ ಹೇಳಿ ಕೊನೆಗೆ ತಾನೂ ನಂಬಿದಳು. ಈ ಸಲ ನೋವು ಹದಿನೈದು ದಿನ ಮೊದಲೇ ಕಾಣಿಸಿಕೊಂಡಿತು, ಹತ್ತಿರದಲ್ಲಿದ್ದದ್ದು ಇದೇ ಆಸ್ಪತ್ರೆ.

"ಏನಕ್ಕಾ, ನಿಮಗೂ ಯೋಚನೆನಾ?" ಬೆನ್ನ ಹಿಂದೆ ಹೆಡ್ ನರ್ಸ್ ಬಂದು ನಿಂತಿದ್ದಳು. "ಕಣ್ಮುಚ್ಕೊಂಡು ಇಲ್ಲ ಅಂತ ಹಾಕಿ. ಊರಿಗೆಲ್ಲ ಬುದ್ಧಿ ಹೇಳೋರು ನೀವು."

ಫಾರಂ ಅಕ್ಕ ನಕ್ಕಳು. 'ಇಲ್ಲ' ಎಂದು ಬರೆದಳು. ಹನ್ನೆರಡರಲ್ಲಿ, ಮೊದಲ ಮಗು ಜ್ವರದಿಂದ ತೀರಿಕೊಂಡಿದೆ ಎಂದು ಬರೆದಳು. ಡಾಕ್ಟರಮ್ಮ ಒಬ್ಬರೇ ಸಿಕ್ಕಾಗ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡಳು. ಮಧ್ಯಾಹ್ನ ಅವರು ಒಬ್ಬರೇ ಸಿಕ್ಕರು ಕೂಡ. ಅಷ್ಟರಲ್ಲಿ ಇವಳು ಮೇಲೆ ಹೋಗಿ ಕೂಸನ್ನು ನೋಡಿ ಬಂದಿದ್ದಳು: ಮೈ ಕೆಂಪಗೆ, ಮುಷ್ಟಿ ಬಿಗಿ, ಸೂರು ಹಾರಿಹೋಗುವಂಥ ಅಳು. ಇದಕ್ಕೇನಾಗಿದೆ ಧಾಡಿ ಎಂದು ಸುಮ್ಮನಾದಳು.

ಮೂರನೆಯ ದಿನ ಬೆಳಿಗ್ಗೆ ಅಳು ಸಣ್ಣದಾಯಿತು. ಎದೆಗೆ ಹಾಕಿದರೆ ಎರಡು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಪಾದಕ್ಕೆ ಚಿಟಿಕೆ ಹೊಡೆದರೂ ಕಣ್ಣು ಬಿಡಲಿಲ್ಲ. ಸೋಂಕಿರಬೇಕೆಂದು ಮಕ್ಕಳ ವಾರ್ಡಿಗೆ ಸಾಗಿಸಿದರು, ಔಷಧಿ ಹಚ್ಚಿದರು, ಹಾಲನ್ನು ಮೂಗಿನ ಕೊಳವೆಯಲ್ಲಿ ಕೊಡತೊಡಗಿದರು. ಮಗಳಿಗೆ ಹೊಲಿಗೆಯ ನೋವು, ಸಾಲದ್ದಕ್ಕೆ ಮೈ ಬಿಸಿ, ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಆದರೂ ಹಲ್ಲು ಕಚ್ಚಿಕೊಂಡು ಮೂರು ಗಂಟೆಗೊಮ್ಮೆ ಪಂಪಿನಿಂದ ಹಾಲು ತೆಗೆದು ಸಣ್ಣ ಬಾಟಲಿಗೆ ತುಂಬಿಸುತ್ತಿದ್ದಳು. ಅದನ್ನು ಸೆರಗಿನಲ್ಲಿ ಬೆಚ್ಚಗೆ ಮುಚ್ಚಿಕೊಂಡು ಉದ್ದನೆಯ ಕಾರಿಡಾರು ದಾಟಿ ನರ್ಸಿನ ಕೈಗೆ ಮುಟ್ಟಿಸುತ್ತಿದ್ದವಳು ಅಜ್ಜಿ.

ಸಂಜೆ ಡಾಕ್ಟರಮ್ಮ ಫಾರಂ ಹಿಡಿದುಕೊಂಡು ಬಂದರು. ಪಕ್ಕದಲ್ಲಿ ಹೆಡ್ ನರ್ಸ್ ಇದ್ದಳು. "ಅಕ್ಕಾ, ಔಷಧಿ ಹಿಡೀತಿಲ್ಲ. ಸಂಬಂಧದಲ್ಲಿ ಮದುವೆ ಆಗಿದ್ರೆ ನಾನು ಬೇರೆ ಥರ ಯೋಚನೆ ಮಾಡ್ತಿದ್ದೆ. ಇಲ್ಲ ಅಂತ ಬರೆದಿದೀರಿ, ನೀವೇ ಬರೆದದ್ದು ಅಂದ್ಮೇಲೆ ಮತ್ತೆ ಕೇಳೋದೇನಿದೆ?"

ಅವಳು ಹೇಳಲೆಂದು ಒಂದು ಹೆಜ್ಜೆ ಮುಂದೆ ಬಂದಳು. ಹೆಡ್ ನರ್ಸ್ ಅವಳನ್ನೇ ನೋಡುತ್ತಿದ್ದಳು, ಕನಿಕರದಿಂದಲೇ ನೋಡುತ್ತಿದ್ದಳು. ನಾಳೆಯಿಂದ ಆ ಮೇಜಿನ ಹಿಂದೆ ಯಾವ ಮುಖವಿಟ್ಟುಕೊಂಡು ಕೂರುವುದು? ಒಂದೇ ಒಂದು ಮಾತು, ಅದೂ ನಿಜವಾದ ಮಾತು. ಹಾಳು ಬಾಯಿ ಬಿಡಲಿಲ್ಲ. ಕೇಳುವುದೇನೂ ಇಲ್ಲ ಎನ್ನುವಂತೆ ತಲೆಯಾಡಿಸಿದಳು. ಡಾಕ್ಟರಮ್ಮ ಔಷಧಿ ಬದಲಾಯಿಸಿ ಬರೆದು ಹೋದರು.

ಮರುದಿನ ಬೆಳಿಗ್ಗೆ ಕೂಸಿಗೆ ಫಿಟ್ಸ್ ಬಂತು. ಗಾಜಿನಾಚೆಯಿಂದ ಆ ಪುಟ್ಟ ಕೈ ಸೆಟೆದು ಅದುರುವುದನ್ನು ಕಂಡದ್ದೇ ತಡ, ಹೋದ ವರ್ಷದ ಕೂಸಿನ ಕೈಯೇ ಕಣ್ಣಿಗೆ ಕಟ್ಟಿತು. ಅವಳು ಓಡಿದಳು. ಡಾಕ್ಟರಮ್ಮನ ಕೋಣೆಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ, ಅಳಿಯ ತನ್ನ ಅಣ್ಣನ ಮಗನೆಂದೂ, ಮೊದಲ ಕೂಸೂ ಹೀಗೇ ಹೋಯಿತೆಂದೂ, ಹೇಳಿ ಎಂದಿದ್ದರೂ ಹೇಳಲಿಲ್ಲವೆಂದೂ ಒಂದೇ ಉಸಿರಿಗೆ ಒದರಿದಳು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನೆತ್ತಿ, ಹಾಲು ಈಗಿಂದೀಗಲೇ ನಿಲ್ಲಿಸಿ, ಗ್ಲೂಕೋಸ್ ಹಾಕಿ, ರಕ್ತ ತೆಗೆದು ಲ್ಯಾಬಿಗೆ ಓಡಿಸಿ ಎಂದರು.

"ಹಾಲು ಯಾಕೆ ಮೇಡಂ?"

"ಕೆಲವು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೇ ದೋಷ ಬಂದಿರುತ್ತೆ. ಹಾಲನ್ನ ಅರಗಿಸ್ಕೊಳ್ಳೋ ಶಕ್ತಿ ಇರಲ್ಲ. ಕುಡಿದದ್ದೇ ಮೈಯಲ್ಲಿ ವಿಷ ಆಗುತ್ತೆ, ಅಕ್ಕಾ."

ನಿನ್ನೆಯಿಂದ ಎಷ್ಟು ಬಾಟಲಿ ಹೊತ್ತಿದ್ದಳು? ಲೆಕ್ಕ ಹಾಕಲು ಧೈರ್ಯವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನಿಂದ ಉತ್ತರ ಬಂತು. ಡಾಕ್ಟರಮ್ಮ ಅವಳನ್ನು ಕೂರಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು. ಮೆದುಳು ಊದಿಕೊಂಡಿದೆ, ಉಸಿರು ಮೆಷಿನ್ನಿನ ಮೇಲೆ ನಡೆಯುತ್ತಿದೆ, ಇವತ್ತು ದಾಟುವುದೇ ಕಷ್ಟ. ನಿನ್ನೆ ಹೇಳಿದ್ದರೆ ಉಳಿಯುತ್ತಿತ್ತಾ ಎಂದು ಕೇಳಿದಳು. ಡಾಕ್ಟರಮ್ಮ, ಹುಟ್ಟಿದ ದಿನ ಹೇಳಿದ್ದರೆ ಉಳಿಸಿಕೊಳ್ಳುವ ಪ್ರಯತ್ನವನ್ನಾದರೂ ಮಾಡಬಹುದಿತ್ತು ಎಂದರು. ಆಮೇಲೆ ಕೇಳಿದರು: "ತಾಯಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ."

ಮೆಟ್ಟಿಲು ಹತ್ತುವಾಗ ಮೂರು ಸಲ ಮಾತು ಜೋಡಿಸಿಕೊಂಡಳು. ಮಗಳೇ, ನಾನು ಸುಳ್ಳು ಬರೆದೆ. ಇಷ್ಟೇ, ಇಷ್ಟು ಹೇಳಿದರೆ ಮಿಕ್ಕದ್ದು ತಾನಾಗಿಯೇ ಬರುತ್ತದೆ. ಮಗಳು ದಿಂಬಿಗೊರಗಿ ಕೂತಿದ್ದಳು. ನೋವಿಗೆ ತುಟಿ ಕಚ್ಚಿ ಕಚ್ಚಿ ಕೆಳತುಟಿ ಒಡೆದಿತ್ತು. ತಾಯಿಯನ್ನು ಕಂಡದ್ದೇ ಬಾಟಲಿ ಎತ್ತಿ ತೋರಿಸಿದಳು.

"ನೋಡಮ್ಮಾ, ಇವತ್ತು ಕತ್ತಿನವರೆಗೂ ಬಂತು. ಬೆಳಗಿನದು ಕುಡಿದ್ನಾ?"

ಫಾರಂ ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಮಗಳ ಹಣೆ ಮುಟ್ಟಿದಳು, ಇನ್ನೂ ಬಿಸಿಯಿತ್ತು.

"ಕುಡಿದ," ಎಂದಳು.

"ಎಲ್ಲಾ?"

"ಎಲ್ಲಾ."

ಮಗಳು ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು. "ಮೊದಲನೇವಳು ಕೊನೆಕೊನೆಗೆ ಕುಡೀತಾನೇ ಇರ್ಲಿಲ್ಲ, ಅಲ್ವಾ? ಇವನು ಗಟ್ಟಿ ಕಣಮ್ಮಾ." ಹಾಗೆಂದವಳು ಬಾಟಲಿಯನ್ನು ತಾಯಿಯ ಕೈಯಲ್ಲಿಟ್ಟು, ಆರಿಹೋಗುವುದರೊಳಗೆ ಕೊಟ್ಟು ಬಾ ಎಂದು ಅವಸರ ಮಾಡಿದಳು.

ಅವಳು ಎದ್ದಳು. ಕಾರಿಡಾರು ಬಿಸಿಲಿನಲ್ಲಿ ಖಾಲಿಯಾಗಿತ್ತು. ಮಕ್ಕಳ ವಾರ್ಡಿನ ಮುಂದಿನ ಬೆಂಚಿನಲ್ಲಿ ಅಳಿಯ ಕೂತಿದ್ದ. ಅವನಿಗೂ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅತ್ತೆ ಬರುವುದನ್ನು ಕಂಡು ಎದ್ದು ನಿಂತ. ಅವಳ ಎರಡೂ ಕೈಯಲ್ಲಿದ್ದ ಬಾಟಲಿ ನೋಡಿ, ತುಳುಕದಿರಲಿ ಎಂದು ವಾರ್ಡಿನ ಬಾಗಿಲನ್ನು ಭುಜದಿಂದ ತಳ್ಳಿ ಅವಳಿಗಾಗಿ ತೆರೆದು ಹಿಡಿದ.