ಕೆಂಪು ಕಾಣದ ಗಾಜು

ಹುಡುಗಿಯರೆಲ್ಲ ಬಿಳಿ ಗವಸು ಹಾಕಿಕೊಂಡು ಬಂದಿದ್ದರು.

ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದಾಗ ನನಗೆ ಮೊದಲು ಕಂಡದ್ದೇ ಅದು. ಗಾಜಿನ ಮೇಲೆ ಎಲ್ಲವೂ ತಲೆಕೆಳಗು. ರೇಷ್ಮೆ ಗಿರಣಿಯ ಅಂಗಳ ಮೇಲೆ, ಆಕಾಶ ಕೆಳಗೆ, ನಡುವೆ ಬಾವಲಿಗಳ ಹಾಗೆ ತೂಗುವ ಹುಡುಗಿಯರು, ಅವರ ಮಡಿಲಲ್ಲಿ ಸಾಲುಸಾಲಾಗಿ ಬಿಳಿ ಕೈಗಳು.

ನಾನು ಬಂದದ್ದೇ ಆ ಕೈಗಳಿಗಾಗಿ. ಗವಸಿಲ್ಲದ ಕೈಗಳಿಗಾಗಿ.

ಅದು ಮಹಾಯುದ್ಧದ ಮೂರನೆಯ ಬೇಸಿಗೆ. ಗಂಡಸರೆಲ್ಲ ಮುಂಚೂಣಿಯಲ್ಲಿದ್ದರು. ಸೆರಿಯೊ ನದಿಯ ದಂಡೆಯ ಈ ಗಿರಣಿಯಲ್ಲಿ ಎಂಟು ಒಂಬತ್ತು ವರ್ಷದ ಹುಡುಗಿಯರು ಕುದಿನೀರಿನ ಬೋಗುಣಿಯಲ್ಲಿ ಕೈ ಅದ್ದಿ, ರೇಷ್ಮೆಗೂಡಿನ ಎಳೆ ಹುಡುಕಿ, ನೂಲು ಬಿಚ್ಚುವ ಹೆಂಗಸರಿಗೆ ಕೊಡುತ್ತಿದ್ದರು. ಮಕ್ಕಳು ನೀರು ಮುಟ್ಟುವುದೇ ಇಲ್ಲ, ಕುಂಚದಿಂದ ಕೆಲಸ ಮಾಡುತ್ತಾರೆ ಎಂದು ಯಜಮಾನರು ಬೆರ್ಗಾಮೊದ ಸಮಿತಿಗೆ ಬರೆದುಕೊಟ್ಟಿದ್ದರು. ಹನ್ನೆರಡು ತುಂಬದವರನ್ನು ಯುದ್ಧ ಮುಗಿಯುವವರೆಗೆ ಬೋಗುಣಿ ಕೆಲಸದಲ್ಲಿ ಇರಿಸಿಕೊಳ್ಳಬಹುದೇ ಎಂದು ಸಮಿತಿ ಸೋಮವಾರ ತೀರ್ಮಾನಿಸಲಿತ್ತು. ಪಾವಿಯಾದಲ್ಲಿ ನನ್ನೊಡನೆ ರಸಾಯನಶಾಸ್ತ್ರ ಓದಿದ ಬೀಚೆ ಈಗ ಕಾರ್ಮಿಕ ಹೆಂಗಸರ ಸಂಘದಲ್ಲಿದ್ದಳು. "ಭಾಷಣ ಎಲ್ಲಾ ಮಾಡಿ ಆಯ್ತು ಎರ್ಸೀಲಿಯಾ. ಈಗ ಕೈ ತೋರಿಸ್ಬೇಕು. ತಂದುಕೊಡ್ತೀಯಾ?" ಎಂದಿದ್ದಳು.

ಹೊಸ ಗೂಡು ಬಂದ ವಾರ ಗಿರಣಿಯವರೆಲ್ಲ ಸಾಲಾಗಿ ಕೂತು ಫೋಟೊ ತೆಗೆಸಿಕೊಳ್ಳುವುದು ಅಲ್ಲಿನ ರೂಢಿ. ಪ್ರತಿ ವರ್ಷ ತೆಗೆಯುತ್ತಿದ್ದವನು ಸೈನ್ಯಕ್ಕೆ ಹೋಗಿದ್ದ. ಹಾಗಾಗಿ ಯಜಮಾನರೇ ನನಗೆ ಹೇಳಿಕಳಿಸಿ, ಗೇಟು ತೆರೆಸಿ, ಒಳಗೆ ಕರೆದಿದ್ದರು.

"ಗವಸು ಯಾಕ್ರೇ?" ಎಂದೆ.

"ಫೋಟೊಗೆ ಗವಸು ಹಾಕ್ಬೇಕು ಅಮ್ಮಾವ್ರೇ! ನಿಮಗೆ ಗೊತ್ತಿಲ್ವಾ?" ಮುಂದಿನ ಸಾಲಿನ ಹುಡುಗಿ ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ದೊಲಿಂದಾ, ಆ ಎಡಗೈದು ನಮ್ಮಕ್ಕಂದು ಕಣೇ, ಬಿಚ್ಚು!" ಹಿಂದಿನಿಂದ ಒಬ್ಬಳು ಕೂಗಿದಳು.

"ನಿಮ್ಮಕ್ಕನ ಕೈ ಗೋಣಿಚೀಲ. ಅವಳದು ನನ್ನ ಕೈಗೆ ಹಿಡಿಯತ್ತಾ? ಇದು ನಮ್ಮ ದೊಡ್ಡಮ್ಮನ ಮಗಳದು!"

ಎಲ್ಲವೂ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ದಿನ ಹಾಕುವ ಗವಸುಗಳು. ಊರೆಲ್ಲ ಸುತ್ತಿ ಎರವಲು ತಂದಿದ್ದರು. ಇಬ್ಬರು ಒಂದೇ ಜೊತೆಯನ್ನು ಹಂಚಿಕೊಂಡು, ಬರಿಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

"ಫೋಟೊಗೆ ಗವಸು ಹಾಕ್ಬೇಕು ಅಂತ ಯಾರು ಹೇಳಿದ್ರು?"

ಹಲ್ಲು ಬಿದ್ದ ಆ ಹುಡುಗಿ, ದೊಲಿಂದಾ, ಅಂಗಿಯೊಳಗೆ ಕೈ ಹಾಕಿ ಒಂದು ಫೋಟೊ ತೆಗೆದಳು. "ನಮ್ಮಪ್ಪ. ಆಸ್ಪತ್ರೆಯಿಂದ ಕಳಿಸಿದ್ದು. ನೋಡಿ, ಎಡಗೈಗೆ ಗವಸು ಹಾಕಿದ್ದಾನೆ. ದೊಡ್ಡ ಮನುಷ್ಯನ ಥರ ಇಲ್ವಾ?"

ನೋಡಬೇಕಾಗಿರಲಿಲ್ಲ. ತೆಗೆದವಳು ನಾನೇ. ಬೆರ್ಗಾಮೊದ ಸೈನಿಕ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ, ಮನೆಗೆ ಕಳಿಸಲೆಂದು ಗಾಯಾಳುಗಳ ಫೋಟೊ ತೆಗೆಯುತ್ತೇನೆ. ಅಲ್ಲಿ ಒಂದು ಬುಟ್ಟಿ ಇದೆ. ಅದರ ತುಂಬ ಹುಲ್ಲು, ಗವಸು, ಗುಂಡುಸೂಜಿ. ಕೈ ಇಲ್ಲದವನ ಅಂಗಿತೋಳಿಗೆ ಹುಲ್ಲು ತುಂಬಿ, ತುದಿಗೆ ಗವಸು ಸಿಕ್ಕಿಸುತ್ತಾರೆ. ಮನೆಯವರು ಹೆದರಬಾರದಲ್ಲ. ಇವಳಪ್ಪ ಜೆರ್ವಾಸೊನ ಎಡತೋಳಿಗೆ ಸಿಸ್ಟರ್ ಹುಲ್ಲು ತುಂಬುವಾಗ ದೀಪ ಹಿಡಿದು ನಿಂತಿದ್ದೆ.

ಆ ಹುಲ್ಲಿನ ಕೈ ನೋಡಿ ಇಡೀ ಗಿರಣಿ ಗವಸು ಹಾಕಿಕೊಂಡಿತ್ತು.

"ಗವಸು ಬಿಚ್ಚಿ ಒಂದು ತೆಗೀಲಾ?"

ದೊಲಿಂದಾ ನಗು ನಿಲ್ಲಿಸಿದಳು. "ಬೇಡ. ಇದು ಅಪ್ಪಂಗೆ ಹೋಗೋ ಫೋಟೊ. ಅವನು ನೆಟ್ಟಗಿದ್ದಾನೆ, ನಾನೂ ನೆಟ್ಟಗಿರ್ಬೇಕು."

"ಏನದು ಹರಟೆ?" ಮೇಸ್ತ್ರಿ ಪಾಲ್ಮೀರಾ ಬಾಗಿಲಿಂದ ಕಿರುಚಿದಳು. "ನೀರು ಆರಿ ತಣ್ಣಗಾಗ್ತಿದೆ. ತೆಗೆಯೋದಾದ್ರೆ ತೆಗೀರಿ, ಇಲ್ಲಾ ಅಂದ್ರೆ ಹೋಗಿ."

ತೆಗೆದೆ. ಗಾಜಿನ ಫಲಕವನ್ನು ಪೆಟ್ಟಿಗೆಗೆ ಸೇರಿಸುವಾಗ ಒಂದು ಯೋಚನೆ ಬಂತು, ಬಂದೊಡನೆ ಬಾಯಿಂದ ಹೊರಟಿತು.

"ಅಯ್ಯೋ! ಬೆಳಕು ಬಿತ್ತು. ಫಲಕ ಹಾಳಾಯ್ತು. ನಾಳೆ ಮತ್ತೆ ಬರ್ಬೇಕಾಗತ್ತೆ."

"ಬಿಸಿಲಲ್ಲಿ ಅರ್ಧ ದಿನ ಕೂರಿಸಿ ಹಾಳಾಯ್ತು ಅಂತೀರಲ್ಲ," ಪಾಲ್ಮೀರಾ ಹಣೆ ಚಚ್ಚಿಕೊಂಡಳು. "ಓದಿದವ್ರು ನೀವು! ನಾಳೆ ಬೆಳಗ್ಗೆ, ಯಜಮಾನ್ರು ಬರೋಕೆ ಮುಂಚೆ. ಆಮೇಲೆ ನಾನಂತೂ ಗೇಟು ತೆಗೆಯಲ್ಲ."

ಟ್ರಾಮಿಗೆ ಓಡಿದೆ. ನಿಜವಾಗಿಯೂ ಓಡಿದೆ, ತ್ರಿಪಾದಿ ಹೆಗಲ ಮೇಲೆ, ಕರಿಲಂಗ ಮೊಣಕಾಲಿಗೆ ಎತ್ತಿಕೊಂಡು. ಗೂಡು ಒಣಗಿಸುತ್ತಿದ್ದ ಹೆಂಗಸರು "ವಿಧವೆ ನೋಡ್ರೇ, ಯಾರ ಹಿಂದೆ ಓಡ್ತಿದಾಳೆ!" ಎಂದರು. ಅವರತ್ತ ಕೈ ಬೀಸಿದೆ. ನನ್ನ ಗಂಡ ತುಲ್ಲಿಯೊ ಸತ್ತ ಮೇಲೆ ನಾನು ಯಾವುದಕ್ಕೂ ಓಡಿರಲಿಲ್ಲ.

ಆಸ್ಪತ್ರೆಯಲ್ಲಿ ಜೆರ್ವಾಸೊ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಪಕ್ಕದವನು ಒಂದು ಕಾಲಿನ ಕಾರ್ಪೊರಲ್.

"ಏನಮ್ಮಾವ್ರೇ, ಮೊನ್ನೆ ತಾನೇ ತೆಗೆದ್ರಿ. ನನ್ನ ಮೇಲೆ ಅಷ್ಟು ಪ್ರೀತಿನಾ?"

"ನಿನ್ನ ಕೈ ಹಿಡಿಯೋಕೆ ಬಂದಿರ್ಬೇಕು ಕಣೋ," ಎಂದ ಕಾರ್ಪೊರಲ್. "ಬೇಗ ಹಿಡೀರಿ ಅಮ್ಮಾ, ಒಂದೇ ಉಳಿದಿರೋದು."

ವಾರ್ಡೆಲ್ಲ ನಕ್ಕಿತು. ನಗು ಅಡಗಿದ ಮೇಲೆ ಹೇಳಿದೆ. ದೊಲಿಂದಾ ಗವಸು ಹಾಕಿಕೊಂಡು ಕೂತಳು, ಯಾಕೆಂದರೆ ಅಪ್ಪ ಹಾಕಿದ್ದಾನೆ. ಅವಳ ಗವಸಿನೊಳಗೆ ಬೆಂದ ಕೈ ಇದೆ ಎಂದೂ ಹೇಳಿದೆ.

"ಇಲ್ಲ. ಅವಳು ಗುಡಿಸೋ ಕೆಲಸದಲ್ಲಿದಾಳೆ," ಎಂದ. "ಅವಳಮ್ಮ ಕಾಗದದಲ್ಲಿ ಬರೆಸಿದ್ಲು."

"ಬೋಗುಣಿಯಲ್ಲಿದಾಳೆ."

ಅವನು ಕಿಟಕಿ ಕಡೆ ತಿರುಗಿದ. "ನಮ್ಮವ್ವನೂ ಬೋಗುಣಿಲೇ ಇದ್ಲು. ಮನೆಗೆ ಬಂದು ವಿನೆಗರ್‌ನಲ್ಲಿ ಕೈ ಅದ್ಕೊಂಡು ಕೂತಿರೋಳು. ಪೊಲೆಂತಾ ಮುದ್ದೆಯ ತುಂಡು ನಾವೇ ಅವಳ ಬಾಯಿಗೆ ಇಡ್ತಿದ್ವಿ." ಮತ್ತೆ ನನ್ನ ಕಡೆ ತಿರುಗಿ ಕೇಳಿದ: "ಕೈ ತೋರಿಸಿದ್ರೆ ಅವಳನ್ನ ಅಲ್ಲಿಂದ ಬಿಡಿಸ್ತಾರಾ?"

"ಗೊತ್ತಿಲ್ಲ. ತೋರಿಸದಿದ್ರೆ ಖಂಡಿತಾ ಬಿಡಿಸಲ್ಲ."

"ಹಾಗಾದ್ರೆ ಮೊದಲು ನಾನು ತೋರಿಸ್ತೀನಿ. ಸಿಸ್ಟರ್, ಈ ಅಂಗಿತೋಳು ಮೇಲಕ್ಕೆ ಮಡಚಿ. ಪೂರ್ತಿ."

ಸಿಸ್ಟರ್ ಬುಟ್ಟಿ ಹಿಡಿದುಕೊಂಡೇ ಬಂದಳು. "ಬೇಡಪ್ಪಾ, ಮನೆಯವರ ಎದೆ ಒಡೆದು ಹೋಗತ್ತೆ."

"ಒಡೀಲಿ ಬಿಡಿ. ಕೈಗಿಂತ ಎದೆ ಬೇಗ ವಾಸಿಯಾಗತ್ತೆ."

ತುಲ್ಲಿಯೊನ ಕೊನೆಯ ಫೋಟೊ ಉದಿನೆಯ ಆಸ್ಪತ್ರೆಯಿಂದ ಬಂದಿತ್ತು. ಎದೆವರೆಗೆ ಕಂಬಳಿ, ಅಂಚು ನೇರ, ಮುಖದಲ್ಲಿ ನಗು. ಫೋಟೊ ಬಂದ ವಾರವೇ ತಂತಿಯೂ ಬಂತು. ಕಂಬಳಿಯ ಕೆಳಗೆ ಏನಿತ್ತೋ ನನಗೆ ಯಾರೂ ಹೇಳಲಿಲ್ಲ.

ಜೆರ್ವಾಸೊ ನೆಟ್ಟಗೆ ಕೂತ. ಹೊಲಿಗೆ ಹಾಕಿದ ತುದಿಯನ್ನು ಬೆಳಕಿಗೆ ತಿರುಗಿಸಿದ. ಕ್ಯಾಮೆರಾವನ್ನೇ ನೋಡಿದ. ಲೆನ್ಸಿನ ಮುಚ್ಚಳ ತೆಗೆದೆ.

"ನಂದೂ ತೆಗೀರಿ," ಎಂದ ಕಾರ್ಪೊರಲ್. "ಹುಲ್ಲಿಲ್ದೆ. ನನ್ನ ಹೆಂಡ್ತಿಗೆ ಗೊತ್ತಾಗ್ಲಿ, ಇನ್ಮೇಲೆ ಒದೆಯೋಕೆ ಆಗಲ್ಲ ಅಂತ ಖುಷಿ ಪಡ್ಲಿ."

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲೇ ಫಲಕ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿ, ಅದರಡಿ ಫೋಟೊ ಕಾಗದ ಇಟ್ಟು ಸಂಜೆಯ ಕೊನೆಯ ಬಿಸಿಲಿಗೆ ಹಿಡಿದೆ. ಮೋಡ ಬರದಿರಲಿ ಎಂದು ವಾರ್ಡಿನವರೆಲ್ಲ ಕಿಟಕಿಗೆ ಮುಖ ಹಚ್ಚಿ ಕಾದರು. ಚಿತ್ರ ಮೂಡಿದಾಗ ಕುದುರೆ ಪಂದ್ಯ ಗೆದ್ದವರ ಹಾಗೆ ಕೂಗಿದರು.

ಮರುದಿನ ಬೆಳಗ್ಗೆ ಗೇಟು ತೆರೆದವಳು ಪಾಲ್ಮೀರಾ. ಹುಡುಗಿಯರು ಆಗಲೇ ಗವಸು ಹಾಕಿ ಸಾಲಾಗಿ ಕೂತಿದ್ದರು. ದೊಲಿಂದಾಳ ಎದುರು ಕುಕ್ಕರುಗಾಲಲ್ಲಿ ಕೂತು ಫೋಟೊ ಕೊಟ್ಟೆ.

ಅವಳು ನೋಡಿದಳು. ಇನ್ನೊಂದು ಫೋಟೊ ತೆಗೆದು ಪಕ್ಕಕ್ಕೆ ಹಿಡಿದಳು. ಅತ್ತ ಇತ್ತ ನೋಡಿದಳು.

"ಈ ಕೈ ಎಲ್ಲಿ ಹೋಯ್ತು?"

"ಯುದ್ಧದಲ್ಲಿ ಹೋಯ್ತು. ಆ ಗವಸಿನೊಳಗೆ ಹುಲ್ಲಿತ್ತು."

"ಹುಲ್ಲಾ?" ಅವಳ ತುಟಿ ಅದುರಿತು. ನಾನು ಮಾಡಿದ್ದು ತಪ್ಪಾಯಿತೆಂದೇ ಅಂದುಕೊಂಡೆ. ಆಮೇಲೆ ಅವಳು ಮೂಗು ಒರೆಸಿಕೊಂಡಳು. "ಹಸು ಹೇಗೆ ಕರೀತಾನೆ ಒಂದು ಕೈಲಿ? ನಾನೇ ಕರೀಬೇಕು." ಗವಸಿನ ಕಡೆ ನೋಡಿಕೊಂಡಳು. "ಅವನು ತೋರಿಸ್ದ. ಬೇಕಂತ ತೋರಿಸಿದ್ನಾ?"

"ನೀನು ನೋಡ್ಲಿ ಅಂತಾನೇ ತೋರಿಸ್ದ."

ಹಲ್ಲಿನಿಂದ ಒಂದು ಗವಸು ಎಳೆದಳು. ಬಟ್ಟೆ ಚರ್ಮಕ್ಕೆ ಅಂಟಿತ್ತು. ಮುಖ ಕಿವುಚಿಕೊಂಡು ಇನ್ನೊಂದನ್ನೂ ಎಳೆದಳು. ಮಣಿಕಟ್ಟಿನ ಕೆಳಗೆಲ್ಲ ಕೆಂಪು, ಬೆರಳ ಸಂದಿಯಲ್ಲಿ ಬಿರುಕು, ಉಗುರಿನ ಸುತ್ತ ಬೆಳ್ಳಗೆ ಉಬ್ಬಿದ ಚರ್ಮ.

"ಇಲ್ಲಿ ಬೇಡ ಅಮ್ಮಾವ್ರೇ. ಇಲ್ಲಾದ್ರೆ ಒಲೆ ಮೇಲೆ ಬಿದ್ಲು ಅಂತಾರೆ. ಬೋಗುಣಿ ಹತ್ರ ತೆಗೀರಿ."

ಎದ್ದು ಒಳಗೆ ನಡೆದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗವಸುಗಳು ಅಂಗಳದಲ್ಲಿ ಉದುರತೊಡಗಿದವು.

ಒಳಗೆ ಹಬೆ. ಏನೂ ಕಾಣುತ್ತಿರಲಿಲ್ಲ. ಬೋಗುಣಿಯ ಮುಂದೆ ಸ್ಟೂಲು ಹತ್ತಿ ನಿಂತ ಹುಡುಗಿಯರು ಬರೀ ನೆರಳಾಗಿದ್ದರು. ಆ ಕೆಲಸದ ಕೋಣೆಯಲ್ಲಿ ಕಿಟಕಿ ತೆರೆಯುವಂತಿಲ್ಲ. ಗಾಳಿ ಬಂದರೆ ಎಳೆ ತುಂಡಾಗುತ್ತದೆ, ತೆರೆದವರ ಕೂಲಿ ಹೋಗುತ್ತದೆ. ತ್ರಿಪಾದಿಯ ಮೇಲೆ ಕ್ಯಾಮೆರಾ ಇಟ್ಟು ನಿಂತೆ. ಹಬೆಯ ಫೋಟೊ ತೆಗೆದುಕೊಂಡು ಹೋಗಿ ಏನು ಮಾಡಲಿ?

ಬಾಗಿಲಲ್ಲಿ ಪಾಲ್ಮೀರಾ. ಮುಗಿಯಿತು ಎಂದುಕೊಂಡೆ. ಅವಳು ನನ್ನನ್ನು ದಾಟಿ ಗೋಡೆಯವರೆಗೆ ಹೋಗಿ, ಕೊಕ್ಕೆಕೋಲು ತೆಗೆದು, ದಡ್ ಎಂದು ಒಂದು ಕಿಟಕಿ ತೆರೆದಳು. ಮತ್ತೊಂದು. ಮತ್ತೊಂದು.

"ಏನು ನೋಡ್ತಾ ನಿಂತಿದೀರಾ? ಯಜಮಾನ್ರ ಗಾಡಿ ಸೇತುವೆ ಮೇಲಿದೆ! ಏಯ್ ಹುಡುಗೀರಾ, ಕೈ ಮೇಲೆತ್ತಿ ಹಿಡೀರೇ, ನೀರೊಳಗೆ ಇಟ್ಕೊಂಡ್ರೆ ಅವರಿಗೇನು ಕಾಣತ್ತೆ, ನಿಮ್ಮಜ್ಜಿ ತಲೆ!"

ಹಬೆ ಮೇಲೆದ್ದು ಹೊರಗೆ ಹರಿಯಿತು. ಬೋಗುಣಿಗಳ ಸಾಲು, ಸ್ಟೂಲುಗಳ ಸಾಲು, ನೀರು ತೊಟ್ಟಿಕ್ಕುವ ಕೈಗಳ ಸಾಲು. ಮೆಗ್ನೀಸಿಯಂ ಪುಡಿಗೆ ಬೆಂಕಿ ಕೊಟ್ಟೆ. ಧಗ್ ಎಂದು ಇಡೀ ಕೋಣೆ ಬೆಳ್ಳಗಾಯಿತು. ಯಾರೋ ಕಿರುಚಿದರು, ಆಮೇಲೆ ಎಲ್ಲರೂ ಕಿರುಚಿದರು, ಆಮೇಲೆ ನಕ್ಕರು. ಫಲಕವನ್ನು ಶಾಲಿನೊಳಗೆ ಸುತ್ತಿ ಹಿಂಬಾಗಿಲಿಂದ ಓಡುವಾಗ ನಾನೂ ನಗುತ್ತಿದ್ದೆ.

"ಕ್ಯಾಮೆರಾ!" ದೊಲಿಂದಾ ಕೂಗಿದಳು.

"ಅಲ್ಲೇ ಇರಲಿ! ಮರದ ಪೆಟ್ಟಿಗೆ ಅದು!"

ಸೋಮವಾರ ಸಮಿತಿಯ ಉದ್ದ ಮೇಜಿನ ಮೇಲೆ ಬೀಚೆ ಚಿತ್ರ ಇಟ್ಟಳು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಮಕ್ಕಳಿಗೆ ಗವಸು ಕೊಟ್ಟಿದ್ದಾರಲ್ಲ. ಒಳ್ಳೇದೇ. ಆದ್ರೆ ಕಪ್ಪು ಗವಸು ಯಾಕೆ?"

ಬೀಚೆ ನನ್ನ ಕಡೆ ತಿರುಗಿದಳು.

"ಗವಸಲ್ಲ," ಎಂದೆ. "ಈ ಗಾಜಿಗೆ ಕೆಂಪು ಕಾಣೋದಿಲ್ಲ. ಎಷ್ಟು ಕೆಂಪಿದ್ರೂ ಕಪ್ಪಾಗೇ ಬರತ್ತೆ. ಮುಖ ನೋಡಿ, ಬೆಳ್ಳಗಿದೆ. ಮಣಿಕಟ್ಟಿಂದ ಕೆಳಗೆ ಕಪ್ಪಿದೆಯಲ್ಲ, ಅಷ್ಟೂ ಬೆಂದಿರೋದು."

ಅವರು ಚಿತ್ರದಿಂದ ಕೈ ತೆಗೆದರು, ಬಿಸಿ ತಾಗಿದ ಹಾಗೆ. ಮೇಜಿನ ಸುತ್ತ ಅದು ಒಬ್ಬರಿಂದ ಒಬ್ಬರಿಗೆ ಹೋಯಿತು. ಯಜಮಾನರ ವಕೀಲರು ಮಾತ್ರ ಅದನ್ನು ಮುಟ್ಟಲಿಲ್ಲ. ಹನ್ನೆರಡು ತುಂಬದವರು ಬೋಗುಣಿ ಬಿಡಬೇಕೆಂದು ಆ ಮಧ್ಯಾಹ್ನವೇ ಆದೇಶವಾಯಿತು. ಪಾಲ್ಮೀರಾಳನ್ನು ಮೇಸ್ತ್ರಿ ಕೆಲಸದಿಂದ ಇಳಿಸಿ ಗೂಡು ವಿಂಗಡಿಸುವ ಕೆಲಸಕ್ಕೆ ಹಾಕಿದರು. ಅಲ್ಲಿ ಕಿಟಕಿ ತೆರೆದೇ ಇರುತ್ತದೆ ಎಂದು ಅವಳು ಹೇಳಿಕಳಿಸಿದಳು.

ಭಾನುವಾರ ದೊಲಿಂದಾ ತನ್ನಮ್ಮನೊಡನೆ ಆಸ್ಪತ್ರೆಗೆ ಬಂದಳು. ಅಪ್ಪನ ಮಡಚಿದ ತೋಳನ್ನು ಮೊದಲು ಒತ್ತಿ ನೋಡಿದಳು, ಹುಲ್ಲಿದೆಯೇ ಎಂದು. ಅವನು ಅವಳ ಕೈ ಎತ್ತಿ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಗೋಡೆಯ ಮೇಲೆ ಕಪ್ಪು ಕೈಗಳ ಚಿತ್ರವಿತ್ತು.

"ಇದು ಸಮಿತಿಯವ್ರಿಗೆ ಸರಿ," ಎಂದಳು ದೊಲಿಂದಾ ನನ್ನ ಕಡೆ ತಿರುಗಿ, ಸ್ವಲ್ಪ ಮುನಿಸಿನಿಂದ. "ಅಪ್ಪಂಗೆ ಗವಸಿಂದೂ ಬೇಕಿತ್ತು. ಅಷ್ಟು ಚೆನ್ನಾಗಿ ಕೂತಿದ್ದೆ. ನೀವು ಹಾಳು ಮಾಡಿದ್ರಿ."

ಚೀಲದಿಂದ ಮೊದಲ ದಿನದ ಚಿತ್ರ ತೆಗೆದುಕೊಟ್ಟೆ. ಬಿಳಿ ಗವಸು, ಇಲ್ಲದ ಹಲ್ಲು, ಬಿಸಿಲು.

"ಹಾಳಾಯ್ತು ಅಂದ್ರಲ್ಲ!"

"ಸುಳ್ಳು ಹೇಳಿದ್ದೆ."

"ಅಮ್ಮಾ, ಕೇಳಿದ್ಯಾ? ಸುಳ್ಳಂತೆ!" ಅವಳು ಮಂಚ ಹತ್ತಿ, ಅದನ್ನು ಗೋಡೆಯ ಚಿತ್ರದ ಪಕ್ಕಕ್ಕೆ ಹಿಡಿದು, "ಸೂಜಿ ಕೊಡಿ," ಎಂದಳು. ಸಿಸ್ಟರ್ ಹುಲ್ಲಿನ ಬುಟ್ಟಿಯಿಂದ ಒಂದು ಗುಂಡುಸೂಜಿ ತೆಗೆದುಕೊಟ್ಟಳು.