ಮಾವ ಕೂರಿಸಿದ ಪ್ರೊಪೆಲ್ಲರ್

ಆಟದ ವಿಮಾನಗಳ ಆ ಅಂಗಡಿಯಲ್ಲಿ ಮಾವನ ಮಾತೇ ಮಾತು. ಬ್ಯಾಟರಿಯಿಂದ ಓಡುವ ಪುಟ್ಟ ಮೋಟಾರುಗಳಿಗೆ ಪ್ರೊಪೆಲ್ಲರ್ ಕೂರಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಅಳಿಯ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಕೆಲಸ ಕಲಿತವನು. ಅವನ ಹೆಂಡತಿ, ಮಾವನ ಮಗಳು, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. "ನನ್ನಳಿಯ ಸ್ಪ್ಯಾನರ್ ಹಿಡಿದ್ರೆ ಸಾಕು, ನಟ್ಟು ಹೆದರಿ ತಾನೇ ಬಿಗಿಯಾಗುತ್ತೆ" ಎಂದು ಮಾವ ಬಂದವರೆದುರು ನಗಾಡುತ್ತಿದ್ದರು.

ಮೋಟಾರಿನಲ್ಲಿ ತಿರುಗುವ ಕಡ್ಡಿ, ಅಂದರೆ ಶಾಫ್ಟು, ಸಣ್ಣ; ಪ್ರೊಪೆಲ್ಲರಿನ ತೂತು ದೊಡ್ಡದು. ನಡುವೆ ಅಳತೆಗೆ ಸರಿಯಾದ ಪ್ಲಾಸ್ಟಿಕ್ ರಿಂಗ್ ಕೂರಬೇಕು. ಕೂದಲೆಳೆಯಷ್ಟು ಸಡಿಲವಾದರೂ ಪ್ರೊಪೆಲ್ಲರ್ ಅದುರಿ ಅದುರಿ ನಟ್ಟನ್ನು ಬಿಚ್ಚಿಬಿಡುತ್ತದೆ. ಮಾವ ಎಂದೂ ಅಳತೆ ನೋಡಿದವರಲ್ಲ. ಬೆರಳಿಗೇ ತಿಳಿಯುತ್ತದೆ ಎನ್ನುತ್ತಿದ್ದರು. ಆ ಬೆರಳುಗಳು ಮರಗಟ್ಟತೊಡಗಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅವರು ಸಿದ್ಧಮಾಡಿಟ್ಟ ಕೆಂಪು ವಿಮಾನವನ್ನು ಮಗಳು ಗಿರಾಕಿಗೆ ತೋರಿಸಲು ಚಾಲೂ ಮಾಡಿದಳು. ಪ್ರೊಪೆಲ್ಲರ್ ಕಳಚಿ ಹಾರಿ ಅವಳ ಎಡಗಣ್ಣಿಗೆ ಬಡಿಯಿತು.

ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಮಾವ ಅಳಿಯನ ಅಂಗಿ ಹಿಡಿದು ಜಗ್ಗಿದರು. "ಯಾವನೋ ಹಾಕಿದ್ದು ಅದನ್ನ?" ಇಬ್ಬರೂ ಕೂರಿಸಿದ ವಿಮಾನಗಳು ಒಂದೇ ಕಪಾಟಿನಲ್ಲಿ ಬೆರೆತಿರುತ್ತಿದ್ದವು; ತಮ್ಮ ಕೈ ತಪ್ಪಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ನಿಜ ಹೇಳಿದರೆ ಮಾವ ಅಲ್ಲೇ ಕುಸಿದುಬಿಡುತ್ತಾರೆ ಎಂದು ಅಳಿಯನಿಗೆ ಅನ್ನಿಸಿತು.

"ನಾನೇ, ಮಾವ."

ಕಪಾಳಕ್ಕೆ ಏಟು ಬಿತ್ತು. "ಇನ್ನು ನನ್ನ ಮೇಜಿನ ಹತ್ತಿರ ಸುಳೀಬೇಡ!"

ಪಟ್ಟಿ ಕಟ್ಟಿಕೊಂಡು ಮಲಗಿದ್ದ ಹೆಂಡತಿಗೆ ಅವನು ಇದನ್ನು ತಿಳಿಸಿದ.

"ಅದನ್ನ ಕೂರಿಸಿದ್ದು ಅಪ್ಪ. ನಾನೇ ನೋಡಿದೀನಿ."

"ನಂಗೂ ಗೊತ್ತು. ಹೊಟ್ಟೆಗೆ ಹಾಕ್ಕೊ."

ಅವಳು ಹಾಕಿಕೊಂಡಳು. ಅವನು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಅಪ್ಪ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ಆ ಶನಿ ನನ್ನ ಮಗಳ ಕಣ್ಣು ತಿಂದ." ಗಾಯ ಮಾಗಿ ಮತ್ತೆ ಅಂಗಡಿಗೆ ಬಂದ ಅವಳು ಹಲ್ಲು ಕಚ್ಚಿ ಕೇಳಿಸಿಕೊಂಡಳು. ಅಪ್ಪ ಒಬ್ಬರೇ ಕೂರಿಸಿದ ವಿಮಾನಗಳು ಒಂದೊಂದಾಗಿ ಮಕ್ಕಳ ಕೈ ಸೇರುತ್ತಿದ್ದವು.

ಒಂದು ದಿನ ಒಬ್ಬ ತಾಯಿ ತನ್ನ ಪುಟ್ಟ ಮಗಳಿಗೆಂದು ವಿಮಾನ ಕೊಳ್ಳಲು ಬಂದಳು. ಕೊಡುವ ಮುನ್ನ ಇವಳು ಪ್ರೊಪೆಲ್ಲರನ್ನು ಹಿಡಿದು ನೋಡಿದಳು. ಅದು ಲಟಲಟ ಅಲ್ಲಾಡಿತು.

"ಇದು ಬೇಡ ಅಕ್ಕ, ಇನ್ನೊಂದು ದಿನ ಬನ್ನಿ" ಎಂದು ಕಳಿಸಿ, ಬಾಗಿಲು ಹಾಕಿ, ವಿಮಾನವನ್ನು ಅಪ್ಪನ ಕೈಗಿತ್ತಳು. "ಮುಟ್ಟಿ ನೋಡಪ್ಪ."

"ಬಿಗಿಯಾಗೇ ಇದೆಯಲ್ಲೇ."

ಅವಳು ಅದನ್ನು ಅವರ ಕಣ್ಣೆದುರೇ ಅಲ್ಲಾಡಿಸಿದಳು.

"ಕೆಂಪು ವಿಮಾನಾನೂ ನೀನೇ ಕೂರಿಸಿದ್ದು. ಅವರು ಸುಮ್ಮನೆ ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

"ಸುಳ್ಳು" ಎಂದರು ಅಪ್ಪ. ತಮ್ಮ ಬೆರಳುಗಳನ್ನು ಒಂದೊಂದಾಗಿ ಚಿವುಟಿಕೊಂಡರು. ನೋವು ತಿಳಿಯಲಿಲ್ಲ. "ಮೊದಲೇ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ?"

ಮರುದಿನ ಮಾವ ಗೋದಾಮಿನ ಗೇಟಿಗೆ ಹೋಗಿ ನಿಂತರು. ಅಳಿಯ ಹೊರಬಂದಾಗ ಅವರು ಆಡಿದ್ದು "ಬಾ" ಎಂಬ ಒಂದೇ ಮಾತು. ಅವನು ಬಂದ, ಅಂಗಡಿ ನಡೆಯಿತು. ಮಾವ ಮಾತ್ರ ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲಿ ಮಗಳು ತಟ್ಟೆ ತಂದಿಟ್ಟರೆ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು.

"ನಾನು ಹೇಳಿದ್ದು ತಪ್ಪಾ?" ಎಂದು ಅವಳು ಗಂಡನನ್ನು ಕೇಳಿದಳು.

"ಹೇಳ್ದೇ ಇದ್ದಿದ್ರೆ ಇನ್ನೊಂದು ಕಣ್ಣು ಹೋಗ್ತಿತ್ತು, ಯಾರದ್ದೋ" ಎಂದ ಅವನು. ಅವಳಿಗೂ ಅದು ಗೊತ್ತಿತ್ತು. ಆದರೂ ಅಪ್ಪನ ಬೆನ್ನು ಕಂಡಾಗಲೆಲ್ಲ ಕಲೆಸಿದ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದಳು.